ಟೆಲಿಫೋನ್ ತಂತಿಯ ಮೋಡೆಮ್ಮೂ ಇಂಟರ್ನೆಟ್ ಸಂಸ್ಥೆಯೂ: ಹೊಂದಾಣಿಕೆಯ ವಿಚಾರ

ಜೋಡಿಗೆ ಎತ್ತು ಕೊಳ್ಳುವ ರೈತನು ಎತ್ತಿನ ಬಲವೊಂದನ್ನೇ ನೋಡಿ ಹಣ ಕೊಡುವುದಿಲ್ಲ. ಮನೆಯಲ್ಲಿರುವ ಎತ್ತಿಗೆ ಅದು ಹೊಂದುವುದೇ ಇಲ್ಲವೇ ಎಂಬುದನ್ನು ಮೊದಲು ವಿಚಾರಿಸುವನು. ಒಂದು ಎತ್ತು ಎಷ್ಟೇ ಚುರುಕಾಗಿದ್ದರೂ ನೊಗದ ಇನ್ನೊಂದು ಕಡೆಯದು ನಿಧಾನವಾದರೆ ನೇಗಿಲು ಆ ನಿಧಾನದ ನಡಿಗೆಯಲ್ಲಿಯೇ ಸಾಗುವುದು. ಬೇಸಾಯಗಾರರೆಲ್ಲರಿಗೂ ತಿಳಿದಿರುವ ಈ ವಿವೇಕವನ್ನು ಯಂತ್ರಗಳನ್ನು ಕೊಳ್ಳುವಾಗ ಮಾತ್ರ ನಾವು ಮರೆಯುವುದುಂಟು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ದೊಡ್ಡ ಅಂಕೆಯನ್ನು ನಂಬಿ ದ್ರವ್ಯವನ್ನು ವ್ಯಯಮಾಡಿ, ಊರಿಗೆ ತಂದಮೇಲೆ ಅದು ಕೆಲಸಕ್ಕೆ ಬಾರದೆಂದು ಪೇಚಾಡುವುದಾಗುತ್ತದೆ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ಟು ದೊರೆತದ್ದು ೧೯೯೫ನೆಯ ಆಗಸ್ಟ್ ೧೫ರಂದು. ವಿದೇಶ ಸಂಚಾರ ನಿಗಮದವರು ಅದನ್ನು ಪ್ರಾರಂಭಿಸಿದರು. ಮುಂದೆ ಅನೇಕ ವರ್ಷಗಳವರೆಗೆ ಮನೆಗಳಲ್ಲಿಯೂ ಗ್ರಾಮಗಳಲ್ಲಿಯೂ ಅದನ್ನು ಪಡೆಯುವುದಕ್ಕಿದ್ದ ಮುಖ್ಯ ಮಾರ್ಗವೆಂದರೆ ಟೆಲಿಫೋನ್ ತಂತಿ ಮತ್ತು ಮೋಡೆಮ್ ಎಂಬ ಸಣ್ಣ ಯಂತ್ರ. ಈಗ ಆ ಪದ್ಧತಿಯು ಬಹುಮಟ್ಟಿಗೆ ನಿಂತುಹೋಗಿದೆ. ಅದಕ್ಕೆ ಹೆಸರಾಗಿದ್ದ ಅಮೆರಿಕದ ಎ.ಓ.ಎಲ್. ಸಂಸ್ಥೆಯವರೂ ೨೦೨೫ನೆಯ ಸೆಪ್ಟೆಂಬರ್ ೩೦ರಂದು ಅದನ್ನು ಕೊನೆಗಾಣಿಸಿದರು. ಆದರೂ ಆ ಮೋಡೆಮ್ಮು ಕಲಿಸಿದ ಪಾಠವು ಹಳೆಯದಾಗಿಲ್ಲ. ಇಂದು ಗ್ರಾಮಕ್ಕೆ ಬರುತ್ತಿರುವ ಹೊಸ ಯಂತ್ರಗಳನ್ನು ಆರಿಸುವಾಗಲೂ ಅದೇ ಪಾಠವು ಬೇಕಾಗಿರುವುದರಿಂದ, ಗ್ರಾಮದ ಮುಖಂಡರ ಮತ್ತು ಹಿಡುವಳಿದಾರರ ತಿಳುವಳಿಕೆಗಾಗಿ ಆ ವಿಚಾರವನ್ನು ಇಲ್ಲಿ ವಿವರಿಸಲಾಗಿದೆ.

೧. ಮೋಡೆಮ್ಮಿನ ಕೆಲಸ

ಕಂಪ್ಯೂಟರು ಅಕ್ಷರ, ಅಂಕೆ, ಚಿತ್ರ ಮೊದಲಾದ ಎಲ್ಲವನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳಲ್ಲಿ ಇಟ್ಟುಕೊಳ್ಳುವುದು. ಇಂತಹ ಒಂದು ಗುರುತಿಗೆ ಬಿಟ್ ಎಂದು ಹೆಸರು. ಎಂಟು ಬಿಟ್ಟುಗಳು ಸೇರಿದರೆ ಒಂದು ಬೈಟು. ಟೆಲಿಫೋನ್ ತಂತಿಯಾದರೋ ಮನುಷ್ಯರ ಮಾತಿಗಾಗಿ ಏರ್ಪಟ್ಟದ್ದು. ಸೆಕೆಂಡಿಗೆ ಸುಮಾರು ೩೦೦ರಿಂದ ೩,೪೦೦ ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಅದು ಸಾಗಿಸುವುದು. ಆದಕಾರಣ ಕಂಪ್ಯೂಟರಿನ ಗುರುತುಗಳನ್ನು ಧ್ವನಿಯಾಗಿ ಮಾರ್ಪಡಿಸಿ ತಂತಿಗೆ ಬಿಡುವುದಕ್ಕೂ, ಆ ಕಡೆಯಿಂದ ಬಂದ ಧ್ವನಿಯನ್ನು ಪುನಃ ಗುರುತುಗಳಾಗಿ ತಿರುಗಿಸುವುದಕ್ಕೂ ಒಂದು ಮಧ್ಯವರ್ತಿಯು ಬೇಕು. ಆ ಮಧ್ಯವರ್ತಿಯೇ ಮೋಡೆಮ್.

ಮುಖ್ಯ ಸಂಗತಿಯೇನೆಂದರೆ, ಈ ಕೆಲಸಕ್ಕೆ ಒಂದು ಮೋಡೆಮ್ ಸಾಲದು. ನಮ್ಮ ಮನೆಯಲ್ಲಿ ಒಂದು, ಇಂಟರ್ನೆಟ್ ಒದಗಿಸುವ ಸಂಸ್ಥೆಯಲ್ಲಿ ಇನ್ನೊಂದು, ಹೀಗೆ ಎರಡಿರತಕ್ಕದ್ದು. ಒಂದು ಹೇಳಿದ ಭಾಷೆ ಇನ್ನೊಂದಕ್ಕೆ ತಿಳಿಯದಿದ್ದರೆ ಎರಡೂ ನಿಷ್ಪ್ರಯೋಜಕ.

೨. ಮೂರು ಒಪ್ಪಂದಗಳು

ಮೋಡೆಮ್ಮನ್ನು ಉಪಯೋಗಿಸಿದವರಿಗೆ ಅದರ ಕಿರುಚಾಟವು ಜ್ಞಾಪಕವಿರಬಹುದು. ನಂಬರನ್ನು ತಿರುಗಿಸಿದ ಮೇಲೆ ಸ್ವಲ್ಪ ಹೊತ್ತು ಸಿಳ್ಳು, ಗೊರಗೊರ ಶಬ್ದ, ಆಮೇಲೆ ನಿಶ್ಶಬ್ದ. ಆ ಶಬ್ದವು ನಿರರ್ಥಕವಾದುದಲ್ಲ. ಎರಡು ಕಡೆಯ ಮೋಡೆಮ್ಮುಗಳು ಆಗ ತಮತಮಗೆ ಯಾವ ಯಾವ ವಿಧಿಗಳು ಗೊತ್ತಿರುವುವೆಂದು ಒಂದಕ್ಕೊಂದು ತಿಳಿಸುವುವು. ಅನಂತರ ತಂತಿಯ ಗುಣವನ್ನು ಪರೀಕ್ಷಿಸಿ, ಇಬ್ಬರಿಗೂ ಗೊತ್ತಿರುವ ವಿಧಿಗಳಲ್ಲಿ ಆ ತಂತಿಯು ತಡೆಯಬಲ್ಲ ಅತ್ಯಂತ ವೇಗದ ವಿಧಿಯನ್ನು ಒಪ್ಪಿಕೊಳ್ಳುವುವು. ಇದು ಮೊದಲನೆಯ ಒಪ್ಪಂದ.

ಎರಡನೆಯದು, ಸುದ್ದಿಯನ್ನು ಕಟ್ಟುಗಳಾಗಿ ಕಟ್ಟಿ ಕಳುಹಿಸುವ ಕ್ರಮದ ಒಪ್ಪಂದ. ಇದಕ್ಕೆ ಪಿ.ಪಿ.ಪಿ. ಎಂಬ ಕ್ರಮವು ರೂಢಿಯಲ್ಲಿದ್ದಿತು. ಮೊದಲ ವರ್ಷಗಳಲ್ಲಿ ಶೆಲ್ ಖಾತೆಯೆಂಬ ಅಗ್ಗದ ಖಾತೆಯೂ ಇದ್ದಿತು. ಅದರಲ್ಲಿ ತೆರೆಯ ಮೇಲೆ ಅಕ್ಷರಗಳು ಮಾತ್ರ ಬರುತ್ತಿದ್ದುವು, ಚಿತ್ರಗಳು ಬರುತ್ತಿರಲಿಲ್ಲ. ಮೂರನೆಯದು, ಗಿರಾಕಿಯ ಹೆಸರು ಮತ್ತು ಗುಪ್ತಪದಗಳು ಸರಿಯೆಂದು ಸಂಸ್ಥೆಯವರ ಯಂತ್ರವು ಒಪ್ಪುವುದು.

ಈ ಮೂರನ್ನೂ ಬೇರೆಬೇರೆಯಾಗಿ ತಿಳಿದುಕೊಳ್ಳುವುದರಿಂದ ಪ್ರಯೋಜನವುಂಟು. ಕಿರುಚಾಟವೇ ಮುಗಿಯದೆ ಸಂಪರ್ಕವು ಕಡಿದರೆ ದೋಷವು ಮೋಡೆಮ್ಮುಗಳಲ್ಲಿ ಅಥವಾ ತಂತಿಯಲ್ಲಿ ಇರುವುದು. ಕಿರುಚಾಟವು ಮುಗಿದು ಹೆಸರನ್ನು ಕೇಳಿದಮೇಲೆ ಕಡಿದರೆ ದೋಷವು ಖಾತೆಯಲ್ಲಿರುವುದು. ಇದನ್ನು ತಿಳಿಯದೆ, ಗುಪ್ತಪದದ ಒಂದಕ್ಷರ ತಪ್ಪಿದ್ದಕ್ಕಾಗಿ ಮೋಡೆಮ್ಮನ್ನೇ ಬದಲಾಯಿಸಿದವರುಂಟು.

೩. ವಿಧಿಗಳೂ ಅವುಗಳ ವೇಗವೂ

ಮೋಡೆಮ್ಮುಗಳ ವಿಧಿಗಳನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರು ‘ವಿ’ ಎಂಬ ಅಕ್ಷರವನ್ನೂ ಒಂದು ಸಂಖ್ಯೆಯನ್ನೂ ಸೇರಿಸಿ ಹೆಸರಿಸಿರುವರು. ಇವುಗಳಲ್ಲಿ ಮುಖ್ಯವಾದುವು, ಸೆಕೆಂಡಿಗೆ ಸಾಗುವ ಬಿಟ್ಟುಗಳ ಲೆಕ್ಕದಲ್ಲಿ, ಹೀಗಿರುವುವು:

ವಿ. ೨೨ ಬಿಸ್, ೧೯೮೪: ೨,೪೦೦
ವಿ. ೩೨, ೧೯೮೪: ೯,೬೦೦
ವಿ. ೩೨ ಬಿಸ್, ೧೯೯೧: ೧೪,೪೦೦
ವಿ. ೩೪, ೧೯೯೪: ೨೮,೮೦೦, ೧೯೯೬ರಲ್ಲಿ ೩೩,೬೦೦ಕ್ಕೆ ಏರಿದುದು
ವಿ. ೯೦, ೧೯೯೮: ಬರುವಾಗ ೫೬,೦೦೦, ಹೋಗುವಾಗ ೩೩,೬೦೦
ವಿ. ೯೨, ೨೦೦೦: ಬರುವಾಗ ೫೬,೦೦೦, ಹೋಗುವಾಗ ೪೮,೦೦೦

ಇವೆಲ್ಲಕ್ಕೂ ಮುಂಚೆ, ೧೯೬೦ರ ದಶಕದ ಆರಂಭದಲ್ಲಿ, ಅಮೆರಿಕದಲ್ಲಿ ಬೆಲ್ ೧೦೩ ಎಂಬ ಮೋಡೆಮ್ಮು ಬಳಕೆಗೆ ಬಂದಿತು. ಅದರ ವೇಗವು ೩೦೦. ಅದೇ ೩೦೦ರ ವೇಗಕ್ಕೆ ಒಕ್ಕೂಟದವರು ಗೊತ್ತುಮಾಡಿದ ವಿ. ೨೧ ಎಂಬ ವಿಧಿಯಲ್ಲಿ ಸ್ವರಗಳು ಬೇರೆಯಾಗಿದ್ದುವು. ಆದುದರಿಂದ ವೇಗವು ಸಮನಾಗಿದ್ದರೂ ಒಂದಕ್ಕೆ ಇನ್ನೊಂದರ ಮಾತು ತಿಳಿಯುತ್ತಿರಲಿಲ್ಲ. ಒಂದು ಸೀಮೆಯ ಕೊಳಗವೂ ಇನ್ನೊಂದು ಸೀಮೆಯ ಕೊಳಗವೂ ಹೆಸರಿನಲ್ಲಿ ಒಂದೇ ಆಗಿದ್ದು ಅಳತೆಯಲ್ಲಿ ಬೇರೆಯಾಗಿದ್ದಂತೆಯೇ ಇದು.

ಈ ಅಂಕೆಗಳ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಹತ್ತು ಲಕ್ಷ ಬೈಟುಗಳ ಒಂದು ಚಿತ್ರವಿರುವುದೆಂದು ಇಟ್ಟುಕೊಳ್ಳೋಣ. ತಂತಿಯಲ್ಲಿ ಏನೂ ತಡೆಯಿಲ್ಲದಿದ್ದರೆ ಅದು ೩೦೦ರ ವೇಗದಲ್ಲಿ ಬರುವುದಕ್ಕೆ ೭ ಗಂಟೆ ೨೪ ನಿಮಿಷ ಬೇಕು. ೨,೪೦೦ರಲ್ಲಿ ಸುಮಾರು ೫೬ ನಿಮಿಷ, ೯,೬೦೦ರಲ್ಲಿ ಸುಮಾರು ೧೪ ನಿಮಿಷ, ೩೩,೬೦೦ರಲ್ಲಿ ಸುಮಾರು ೪ ನಿಮಿಷ, ೫೬,೦೦೦ದಲ್ಲಿ ಸುಮಾರು ೨ ನಿಮಿಷ ೨೩ ಸೆಕೆಂಡು ಬೇಕು. ಟೆಲಿಫೋನ್ ಕರೆಗೆ ಹೊತ್ತಿನ ಮೇಲೆ ಹಣ ತೆರಬೇಕಾಗಿದ್ದ ಕಾಲದಲ್ಲಿ ಈ ವ್ಯತ್ಯಾಸವು ಸಾಮಾನ್ಯವಾದುದಲ್ಲ.

ಆದರೆ ರೈತನಿಗೆ ಬೇಕಾದುದು ಯಾವಾಗಲೂ ದೊಡ್ಡ ಚಿತ್ರವೇ ಅಲ್ಲ. ಪೇಟೆಯ ಧಾರಣೆಯ ಒಂದು ಪಟ್ಟಿಯು ೨,೦೦೦ ಬೈಟುಗಳಷ್ಟಿದ್ದರೆ ಅದು ೨,೪೦೦ರ ವೇಗದಲ್ಲಿಯೇ ೭ ಸೆಕೆಂಡಿನೊಳಗೆ ಬಂದು ಸೇರುವುದು. ಆದುದರಿಂದ ಗ್ರಾಮದ ಕೆಲಸಕ್ಕೆ ಅತ್ಯಂತ ವೇಗಕ್ಕಿಂತಲೂ ಕಡಿಯದೆ ನಿಲ್ಲುವ ಸಂಪರ್ಕವೇ ಹೆಚ್ಚು ಪ್ರಯೋಜನಕರವೆಂದು ತಿಳಿಯತಕ್ಕದ್ದು.

೪. ೧೯೯೭ನೆಯ ಇಸವಿಯ ಪೈಪೋಟಿ

ಹೊಂದಾಣಿಕೆಯಿಲ್ಲದಿದ್ದರೆ ಕೊಂಡವರಿಗೆ ಹೇಗೆ ನಷ್ಟವಾಗುವುದೆಂಬುದಕ್ಕೆ ೧೯೯೭ರಲ್ಲಿ ನಡೆದ ಸಂಗತಿಯು ಒಳ್ಳೆಯ ನಿದರ್ಶನ. ೫೬,೦೦೦ದ ವೇಗವು ಸಾಧ್ಯವೆಂದು ಆಗ ಗೊತ್ತಾಗಿದ್ದಿತು. ಆದರೆ ಸರ್ವಸಮ್ಮತವಾದ ವಿಧಿಯು ಇನ್ನೂ ಏರ್ಪಟ್ಟಿರಲಿಲ್ಲ. ಯು.ಎಸ್. ರೊಬೋಟಿಕ್ಸ್ ಕಂಪೆನಿಯವರು ಎಕ್ಸ್೨ ಎಂಬ ವಿಧಿಯನ್ನೂ, ರಾಕ್‌ವೆಲ್ ಮತ್ತು ಲೂಸೆಂಟ್ ಕಂಪೆನಿಯವರು ಕೆ೫೬ಫ್ಲೆಕ್ಸ್ ಎಂಬ ವಿಧಿಯನ್ನೂ ಮಾರುಕಟ್ಟೆಗೆ ತಂದರು. ಎರಡರ ಪೆಟ್ಟಿಗೆಯ ಮೇಲೂ ಒಂದೇ ಅಂಕೆ. ಆದರೆ ಎಕ್ಸ್೨ ಮೋಡೆಮ್ಮನ್ನು ಕೊಂಡವನು ಕೆ೫೬ಫ್ಲೆಕ್ಸ್ ಇಟ್ಟಿದ್ದ ಸಂಸ್ಥೆಗೆ ಕರೆಮಾಡಿದರೆ ಅವನಿಗೆ ೫೬,೦೦೦ ದೊರೆಯುತ್ತಿರಲಿಲ್ಲ. ಎರಡು ಯಂತ್ರಗಳೂ ತಮ್ಮಿಬ್ಬರಿಗೂ ತಿಳಿದಿದ್ದ ಹಳೆಯ ವಿ. ೩೪ಕ್ಕೆ ಇಳಿದು, ೩೩,೬೦೦ ಅಥವಾ ಅದಕ್ಕಿಂತ ಕಡಮೆಯ ವೇಗದಲ್ಲಿ ಮಾತನಾಡುತ್ತಿದ್ದುವು.

ಕೊಂಡ ಯಂತ್ರವೂ ಒಳ್ಳೆಯದು, ಸಂಸ್ಥೆಯ ಯಂತ್ರವೂ ಒಳ್ಳೆಯದು. ಆದರೂ ಹೆಚ್ಚಿಗೆ ತೆತ್ತ ಹಣವು ವ್ಯರ್ಥ. ೧೯೯೮ರಲ್ಲಿ ವಿ. ೯೦ ಏರ್ಪಟ್ಟಮೇಲೆಯೇ ಈ ತೊಡಕು ನಿವಾರಣೆಯಾಯಿತು. ಮೋಡೆಮ್ಮಿನೊಳಗಿನ ಆಜ್ಞಾವಳಿಯನ್ನು ಬದಲಾಯಿಸುವ ಸೌಕರ್ಯವಿದ್ದ ಯಂತ್ರಗಳವರು ಹೊಸ ವಿಧಿಯನ್ನು ಹಳೆಯ ಯಂತ್ರದಲ್ಲಿಯೇ ತುಂಬಿಕೊಂಡರು. ಅಂತಹ ಸೌಕರ್ಯವಿಲ್ಲದವರು ಬೇರೆಯದನ್ನು ಕೊಳ್ಳಬೇಕಾಯಿತು. ಎಲ್ಲರೂ ಒಪ್ಪಿದ ವಿಧಿಯು ಏರ್ಪಡುವ ಮೊದಲು ಆತುರಪಟ್ಟು ಕೊಳ್ಳುವವರು, ತಮ್ಮ ಸಂಸ್ಥೆಯವರಲ್ಲಿ ಯಾವ ವಿಧಿಯಿದೆಯೆಂಬುದನ್ನಾದರೂ ಕೇಳಿ ತಿಳಿದಿರಬೇಕು.

೫. ಗ್ರಾಮದ ತಂತಿಯ ಸ್ಥಿತಿ

ಎರಡು ಕಡೆಯಲ್ಲಿಯೂ ವಿ. ೯೦ ಇದ್ದಮಾತ್ರಕ್ಕೆ ೫೬,೦೦೦ ದೊರೆಯುವುದೆಂದು ಭಾವಿಸಕೂಡದು. ಈ ವಿಧಿಗೆ ಒಂದು ಕಟ್ಟುಪಾಡು ಉಂಟು. ಇಂಟರ್ನೆಟ್ ಸಂಸ್ಥೆಯು ಎಕ್ಸ್‌ಚೇಂಜಿಗೆ ಅಂಕೆಗಳ ಮಾರ್ಗದಿಂದಲೇ, ಅಂದರೆ ಡಿಜಿಟಲ್ ಮಾರ್ಗದಿಂದಲೇ, ಸೇರಿರಬೇಕು. ಅಲ್ಲಿಂದ ನಮ್ಮ ಮನೆಯ ಎಕ್ಸ್‌ಚೇಂಜಿನವರೆಗೆ ದಾರಿಯೆಲ್ಲವೂ ಹಾಗೆಯೇ ಇರಬೇಕು. ಮನೆಯ ಕೊನೆಯ ತಂತಿಯಲ್ಲಿ ಮಾತ್ರ ಒಂದೇ ಒಂದು ಸಲ ಅಂಕೆಯು ಧ್ವನಿಯಾಗಿ ಮಾರ್ಪಡಬಹುದು. ಮಧ್ಯದಲ್ಲಿ ಇನ್ನೊಂದು ಸಲ ಮಾರ್ಪಟ್ಟರೆ ವೇಗವು ೩೩,೬೦೦ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುವುದು. ಎರಡು ಮನೆಗಳಲ್ಲಿರುವ ವಿ. ೯೦ ಮೋಡೆಮ್ಮುಗಳು ನೇರವಾಗಿ ಮಾತನಾಡಿಕೊಂಡರೂ ೩೩,೬೦೦ನ್ನು ಮೀರದಿರುವುದಕ್ಕೆ ಇದೇ ಕಾರಣ.

ಕೆರೆಯ ತೂಬು ಎಷ್ಟೇ ದೊಡ್ಡದಾಗಿದ್ದರೂ ಕಾಲುವೆಯು ಒಂದು ಕಡೆ ಇಕ್ಕಟ್ಟಾಗಿದ್ದರೆ ಗದ್ದೆಗೆ ಬರುವ ನೀರು ಆ ಇಕ್ಕಟ್ಟಿನ ಅಳತೆಯದೇ. ಪಟ್ಟಣದ ಮನೆಯಲ್ಲಿ ಚೆನ್ನಾಗಿ ನಡೆದ ಮೋಡೆಮ್ಮು ಹಳ್ಳಿಯಲ್ಲಿ ಮಂದವಾಗುತ್ತಿದ್ದುದರ ರಹಸ್ಯವು ಇದರಲ್ಲಿಯೇ ಇದೆ.

ನಮ್ಮ ಹಳ್ಳಿಗಳಿಗೆ ಟೆಲಿಫೋನನ್ನು ತಂದ ಎಕ್ಸ್‌ಚೇಂಜಿನ ವಿಚಾರದಲ್ಲಿ ಕರ್ಣಾಟಕಕ್ಕೆ ಒಂದು ಅಗ್ರಸ್ಥಾನವುಂಟು. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯವರು ಹವಾನಿಯಂತ್ರಣದ ಕೋಣೆಯಿಲ್ಲದೆ, ಹಳ್ಳಿಯ ಸೆಕೆ ಧೂಳುಗಳಲ್ಲಿಯೂ ನಡೆಯುವ ಸಣ್ಣ ಡಿಜಿಟಲ್ ಎಕ್ಸ್‌ಚೇಂಜನ್ನು ರಚಿಸಿದರು. ಅವುಗಳಲ್ಲಿ ಮೊದಲನೆಯದು, ೧೨೮ ಮಾರ್ಗಗಳದು, ೧೯೮೬ರಲ್ಲಿ ಕಿತ್ತೂರಿನಲ್ಲಿ ಪ್ರಾರಂಭವಾಯಿತು. ಆದರೆ ಹಳ್ಳಿಯ ಎಕ್ಸ್‌ಚೇಂಜು ಡಿಜಿಟಲ್ ಆಗಿದ್ದರೂ, ಅಲ್ಲಿಂದ ದೊಡ್ಡ ಎಕ್ಸ್‌ಚೇಂಜಿಗೆ ಹೋಗುವ ಮಾರ್ಗವು ಹಳೆಯ ಧ್ವನಿಯ ತಂತಿಯಾಗಿದ್ದ ಕಡೆಗಳಲ್ಲಿ ಮೇಲೆ ಹೇಳಿದ ಎರಡನೆಯ ಮಾರ್ಪಾಡು ತಪ್ಪುತ್ತಿರಲಿಲ್ಲ. ಹಲವು ಗ್ರಾಮಗಳಿಗೆ ರೇಡಿಯೋ ಮಾರ್ಗದಿಂದ ಸಾರ್ವಜನಿಕ ಟೆಲಿಫೋನನ್ನು ಒದಗಿಸಲಾಗಿದ್ದಿತು. ಮಾತಿಗೆ ಅದು ಸಾಕಾಗುತ್ತಿದ್ದರೂ ಮೋಡೆಮ್ಮಿಗೆ ಒದಗುತ್ತಿರಲಿಲ್ಲ.

೬. ಮಧ್ಯಪ್ರದೇಶದ ಅನುಭವ

ಗ್ರಾಮದ ರೈತರಿಗಾಗಿಯೇ ಈ ಮಾರ್ಗವನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಿದವರು ಮಧ್ಯಪ್ರದೇಶದವರು. ಧಾರ್ ಜಿಲ್ಲೆಯಲ್ಲಿ ೨೦೦೦ದ ಜನವರಿಯಲ್ಲಿ ‘ಜ್ಞಾನದೂತ’ವೆಂಬ ಏರ್ಪಾಡು ಪ್ರಾರಂಭವಾಯಿತು. ಹಳ್ಳಿಗಳಲ್ಲಿ ‘ಸೂಚನಾಲಯ’ವೆಂಬ ಕೇಂದ್ರಗಳನ್ನು ತೆರೆದು, ಸ್ಥಳೀಯರಾದ ಯುವಕರನ್ನು ಅವುಗಳಿಗೆ ನೇಮಿಸಿದರು. ಕೇಂದ್ರದ ಕಂಪ್ಯೂಟರು ಟೆಲಿಫೋನ್ ತಂತಿಯ ಮೂಲಕ ಜಿಲ್ಲೆಯ ಕಂಪ್ಯೂಟರನ್ನು ಸೇರುತ್ತಿದ್ದಿತು. ರೈತರು ಅಲ್ಪ ಶುಲ್ಕವನ್ನು ಕೊಟ್ಟು ಮಂಡಿಯ ಧಾರಣೆಯನ್ನು ತಿಳಿಯುತ್ತಿದ್ದರು; ಜಮೀನಿನ ದಾಖಲೆಗಳಿಗೂ ಅಹವಾಲುಗಳಿಗೂ ಅರ್ಜಿ ಕಳುಹಿಸುತ್ತಿದ್ದರು. ಅದೇ ವರ್ಷ ಸ್ಟಾಕ್‌ಹೋಮಿನಲ್ಲಿ ಈ ಏರ್ಪಾಡಿಗೆ ಬಹುಮಾನವೂ ದೊರೆಯಿತು.

ಮಂಡಿಯ ಧಾರಣೆಯು ಮುಂಚಿತವಾಗಿ ತಿಳಿದರೆ ರೈತನು ಗಾಡಿಯನ್ನು ಯಾವ ದಿಕ್ಕಿಗೆ ಹೂಡಬೇಕೆಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಬಹುದು. ಇಲ್ಲದಿದ್ದರೆ ಮಂಡಿಗೆ ಹೋದಮೇಲೆ ಹೇಳಿದ ಬೆಲೆಗೆ ಒಪ್ಪಬೇಕು. ಒಪ್ಪದಿದ್ದರೆ ಬಾಡಿಗೆಯನ್ನು ಇನ್ನೊಮ್ಮೆ ತೆತ್ತು ಮಾಲನ್ನು ಹಿಂದಕ್ಕೆ ತರಬೇಕು. ಆದುದರಿಂದ ಬೆಳಗಿನ ಹೊತ್ತು ಆ ಒಂದು ಕರೆಯು ಕೂಡಿಬಾರದಿದ್ದರೆ ಆಗುವ ನಷ್ಟವು ಯಂತ್ರದ್ದಲ್ಲ, ರೈತನದು. ಧಾರ್ ಜಿಲ್ಲೆಯ ಕೇಂದ್ರಗಳಿಗೆ ಅತ್ಯಂತ ತೊಂದರೆ ಕೊಟ್ಟುವು ಎರಡೇ: ವಿದ್ಯುತ್ತಿನ ಅಭಾವ ಮತ್ತು ಪದೇ ಪದೇ ಕಡಿಯುವ ಟೆಲಿಫೋನ್ ತಂತಿ. ಕಂಪ್ಯೂಟರಾಗಲಿ ಅದನ್ನು ನಡೆಸುವ ಯುವಕನಾಗಲಿ ಕಾರಣವಲ್ಲ.

ಅದೇ ೨೦೦೦ದ ಜೂನ್ ತಿಂಗಳಿನಲ್ಲಿ ಐ.ಟಿ.ಸಿ. ಕಂಪೆನಿಯವರು ಅದೇ ಪ್ರಾಂತ್ಯದಲ್ಲಿ ಸೋಯಾ ಅವರೆಯ ಖರೀದಿಗಾಗಿ ‘ಇ-ಚೌಪಾಲ್’ ಎಂಬುದನ್ನು ಪ್ರಾರಂಭಿಸಿದರು. ಊರಿನ ರೈತನೊಬ್ಬನ ಮನೆಯಲ್ಲಿಯೇ ಕಂಪ್ಯೂಟರನ್ನಿಟ್ಟು ಅವನನ್ನು ಸಂಚಾಲಕನನ್ನಾಗಿ ಮಾಡಿದರು. ಇವರೂ ಮೊದಲು ಟೆಲಿಫೋನ್ ತಂತಿಯನ್ನೇ ನಂಬಿದರು. ವಿದ್ಯುತ್ತು ತಪ್ಪಿದಾಗ ಹಳ್ಳಿಯ ಎಕ್ಸ್‌ಚೇಂಜಿನ ಬ್ಯಾಟರಿಯು ಹೆಚ್ಚು ಹೊತ್ತು ನಿಲ್ಲದೆ ಟೆಲಿಫೋನುಗಳೇ ಮೂಕವಾಗುತ್ತಿದ್ದುವು. ಅವರು ಎಕ್ಸ್‌ಚೇಂಜುಗಳಲ್ಲಿ ಕೆಲವು ಸಲಕರಣೆಗಳನ್ನು ಸೇರಿಸಿ ತಂತಿಯ ವೇಗವನ್ನು ಹೆಚ್ಚಿಸಿದರು. ಅದೂ ಸಾಲದೆ ಕೊನೆಗೆ ಉಪಗ್ರಹದ ತಟ್ಟೆಗಳನ್ನೂ, ಬ್ಯಾಟರಿಗಳನ್ನೂ, ಸೂರ್ಯನ ಬಿಸಿಲಿನಿಂದ ವಿದ್ಯುತ್ತನ್ನು ಕೊಡುವ ಹಲಗೆಗಳನ್ನೂ ಹಾಕಿಸಿದರು. ಮನೆಯ ಮೋಡೆಮ್ಮನ್ನು ಬದಲಾಯಿಸುವುದರಿಂದ ದಾರಿಯ ದೋಷವು ಹೋಗುವುದಿಲ್ಲವೆಂಬುದನ್ನು ಈ ಎರಡು ಅನುಭವಗಳೂ ತೋರಿಸಿಕೊಟ್ಟಿರುವುವು.

೭. ಆಗ ಕಂಡುಬರುತ್ತಿದ್ದ ದೋಷಗಳೂ ಪರಿಹಾರಗಳೂ

(ಅ) ‘ಡಯಲ್ ಸ್ವರವಿಲ್ಲ’ವೆಂದು ಮೋಡೆಮ್ ಹೇಳುವುದು. ಟೆಲಿಫೋನನ್ನು ಕಿವಿಗಿಟ್ಟರೆ ಸ್ವರವು ಚೆನ್ನಾಗಿ ಕೇಳುತ್ತಿರುವುದು. ಆದರೂ ಮೋಡೆಮ್ ಒಪ್ಪದು. ಅಮೆರಿಕದ ಡಯಲ್ ಸ್ವರಕ್ಕೂ ನಮ್ಮ ದೇಶದ ಸ್ವರಕ್ಕೂ ವ್ಯತ್ಯಾಸವಿರುವುದೇ ಇದಕ್ಕೆ ಕಾರಣ. ಸ್ವರಕ್ಕಾಗಿ ಕಾಯಬಾರದೆಂದು ಮೋಡೆಮ್ಮಿಗೆ ಆಜ್ಞೆಮಾಡಿದರೆ ಸಾಕಾಗುತ್ತಿದ್ದಿತು. ‘ಎ ಟಿ ಎಕ್ಸ್ ೩’ ಎಂಬುದು ಆ ಆಜ್ಞೆ.

(ಆ) ನಂಬರು ತಿರುಗದಿರುವುದು. ಹಳೆಯ ಎಕ್ಸ್‌ಚೇಂಜುಗಳು ಟಕಟಕ ಎಂಬ ಬಡಿತದಿಂದ ನಂಬರನ್ನು ತಿಳಿಯುತ್ತಿದ್ದುವು, ಹೊಸವು ಸ್ವರದಿಂದ. ಎಕ್ಸ್‌ಚೇಂಜು ಯಾವುದೋ ಆ ಕ್ರಮಕ್ಕೆ ಮೋಡೆಮ್ಮನ್ನು ತಿರುಗಿಸಿಕೊಳ್ಳಬೇಕಾಗಿದ್ದಿತು.

(ಇ) ಸೇರಿದ ಸ್ವಲ್ಪ ಹೊತ್ತಿಗೆ ಕಡಿದುಹೋಗುವುದು. ಅದೇ ತಂತಿಗೆ ಸೇರಿಸಿದ ಎರಡನೆಯ ಟೆಲಿಫೋನನ್ನು ಯಾರಾದರೂ ಎತ್ತುವುದು, ಮಧ್ಯೆ ಇನ್ನೊಂದು ಕರೆಯ ಸೂಚನೆ ಬರುವುದು, ಮಳೆಯಲ್ಲಿ ನೆನೆದು ಕಿಲುಬು ಹಿಡಿದ ಬೆಸುಗೆ, ಇವು ಸಾಮಾನ್ಯವಾದ ಕಾರಣಗಳು. ಬೆಸುಗೆಯನ್ನು ಸರಿಪಡಿಸಿದ ಮೇಲೆಯೂ ನಿಲ್ಲದಿದ್ದರೆ ಮೋಡೆಮ್ಮಿನ ವೇಗದ ಮಿತಿಯನ್ನು ಬೇಕೆಂದೇ ತಗ್ಗಿಸುತ್ತಿದ್ದರು. ೩೩,೬೦೦ರಲ್ಲಿ ನಿಮಿಷಕ್ಕೊಮ್ಮೆ ಕಡಿಯುವ ತಂತಿಯು ೧೪,೪೦೦ರಲ್ಲಿ ಗಂಟೆಗಟ್ಟಲೆ ನಿಲ್ಲುವುದುಂಟು.

(ಈ) ಅಗ್ಗದ ಮೋಡೆಮ್. ಕೆಲವು ಮೋಡೆಮ್ಮುಗಳು ತಮ್ಮ ಕೆಲಸದ ಬಹುಭಾಗವನ್ನು ಕಂಪ್ಯೂಟರಿನ ಮೇಲೆಯೇ ಹೊರಿಸುತ್ತಿದ್ದುವು. ಅವು ವಿಂಡೋಸ್ ಎಂಬ ಒಂದು ಕಾರ್ಯವ್ಯವಸ್ಥೆಯಲ್ಲಿ ಮಾತ್ರ ನಡೆಯುತ್ತಿದ್ದುವು. ಬೇರೆ ವ್ಯವಸ್ಥೆಯಿದ್ದವರಿಗೆ ಬೆಲೆಯ ಉಳಿತಾಯವೇ ನಷ್ಟವಾಗುತ್ತಿದ್ದಿತು.

(ಉ) ಸಿಡಿಲು. ತಂತಿಯ ಮೂಲಕ ಬಂದು ಮೋಡೆಮ್ಮನ್ನು ಸುಡುವುದು. ಗುಡುಗು ಪ್ರಾರಂಭವಾಗುವ ಮೊದಲೇ ಟೆಲಿಫೋನ್ ತಂತಿಯನ್ನೂ ವಿದ್ಯುತ್ ತಂತಿಯನ್ನೂ ಬಿಚ್ಚಿಡುವುದೇ ಉತ್ತಮವಾದ ರಕ್ಷಣೆ; ಗುಡುಗು ಕೇಳಿದ ಮೇಲೆ ತಂತಿಗಳನ್ನು ಮುಟ್ಟಕೂಡದು. ಇದು ಇಂದಿನ ಯಂತ್ರಗಳಿಗೂ ಅನ್ವಯಿಸುವುದು.

೮. ಈ ಪಾಠದ ಈಗಿನ ಪ್ರಯೋಜನ

ಮೋಡೆಮ್ಮಿನ ಕಿರುಚಾಟವು ಅಡಗಿರುವುದು. ಹೊಂದಾಣಿಕೆಯ ಪ್ರಶ್ನೆಯು ಅಡಗಿಲ್ಲ. ಇದಕ್ಕೆ ಎರಡು ನಿದರ್ಶನಗಳನ್ನು ಕೊಟ್ಟರೆ ಸಾಕು.

ತೋಟದ ಪಂಪ್‌ಸೆಟ್ಟನ್ನು ಮನೆಯಿಂದಲೇ ಚಾಲೂ ಮಾಡುವುದಕ್ಕೆ ರೈತರು ಮೊಬೈಲ್ ಸ್ಟಾರ್ಟರನ್ನು ಹಾಕಿಸುತ್ತಿರುವರು. ಅದರೊಳಗೂ ಒಂದು ಮೋಡೆಮ್ ಇರುವುದು, ಅದಕ್ಕೊಂದು ಸಿಮ್ ಬೇಕು. ಸ್ಟಾರ್ಟರು ೨ಜಿ ವಿಧಿಯದಾಗಿದ್ದರೆ ಅದು ೨ಜಿ ಇರುವ ಜಾಲದಲ್ಲಿ ಮಾತ್ರ ನಡೆಯುವುದು. ೨೦೧೬ನೆಯ ಸೆಪ್ಟೆಂಬರಿನಲ್ಲಿ ಪ್ರಾರಂಭವಾದ ಜಿಯೋ ಜಾಲವು ಮೊದಲಿನಿಂದಲೂ ೨ಜಿ ಇಲ್ಲದ ಜಾಲ. ಆದಕಾರಣ ಊರಿನಲ್ಲಿ ಆ ಜಾಲದ ಸಂಕೇತವೇ ಬಲವಾಗಿದ್ದರೆ ೨ಜಿ ಸ್ಟಾರ್ಟರನ್ನು ಕೊಳ್ಳುವುದು ಎಕ್ಸ್೨ ಮೋಡೆಮ್ಮನ್ನು ಕೊಂಡು ಕೆ೫೬ಫ್ಲೆಕ್ಸಿಗೆ ಕರೆಮಾಡಿದ್ದಕ್ಕಿಂತಲೂ ಕಷ್ಟವಾಗುವುದು. ಅಲ್ಲಿ ಇಳಿದು ಮಾತನಾಡುವುದಕ್ಕೆ ಒಂದು ಹಳೆಯ ವಿಧಿಯಾದರೂ ಇದ್ದಿತು. ಇಲ್ಲಿ ಅದೂ ಇಲ್ಲ. ಬೆಳೆಯು ಒಣಗುತ್ತಿರುವಾಗ, ವಿದ್ಯುತ್ತು ಇರುವ ಕೆಲವೇ ಗಂಟೆಗಳಲ್ಲಿ ಪಂಪು ತಿರುಗದಿದ್ದರೆ ಆಗುವ ಹಾನಿಯನ್ನು ಹೇಳಬೇಕಾದುದಿಲ್ಲ.

ಎರಡನೆಯದು, ಗ್ರಾಮ ಪಂಚಾಯಿತಿಗಳವರೆಗೆ ಬರುವ ಗಾಜಿನ ಎಳೆಯ ತಂತಿ. ೨೦೧೧ರಲ್ಲಿ ಮಂಜೂರಾದ ಈ ಯೋಜನೆಗೆ ಈಗ ಭಾರತ್‌ನೆಟ್ ಎಂದು ಹೆಸರು. ಇದರ ಕೊನೆಗೆ ಪಂಚಾಯಿತಿಯಲ್ಲಿಯೂ ಮನೆಯಲ್ಲಿಯೂ ಕೂಡಿಸುವ ಪೆಟ್ಟಿಗೆಯು ಆ ಕಡೆಯ ಕೇಂದ್ರದ ಯಂತ್ರಕ್ಕೆ ಹೊಂದಬೇಕು. ಅಲ್ಲದೆ ಸಂಸ್ಥೆಯವರ ದಾಖಲೆಯಲ್ಲಿ ನೋಂದಾಯಿತವಾಗಿರಬೇಕು. ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿದುದನ್ನು ತಂದು ಸಿಕ್ಕಿಸಿದರೆ ನಡೆಯುವುದೆಂಬ ಭರವಸೆಯಿಲ್ಲ.

ಆದಕಾರಣ ಪಂಚಾಯಿತಿಯ ಹಣದಿಂದಾಗಲಿ ಸ್ವಂತ ಹಣದಿಂದಾಗಲಿ ಇಂತಹ ಯಂತ್ರವನ್ನು ಕೊಳ್ಳುವ ಮೊದಲು ಈ ಕೆಳಗಿನ ಸಂಗತಿಗಳನ್ನು ವಿಚಾರಿಸತಕ್ಕದ್ದು:

೧. ಈ ಯಂತ್ರವು ಯಾವ ವಿಧಿಯದು? ಆ ಕಡೆಯ ಸಂಸ್ಥೆಯವರಲ್ಲಿ ಅದೇ ವಿಧಿಯುಂಟೇ?
೨. ಅದು ಸರ್ವಸಮ್ಮತವಾದ ವಿಧಿಯೋ, ಒಂದೇ ಕಂಪೆನಿಯ ವಿಧಿಯೋ?
೩. ನಮ್ಮ ಊರಿನವರೆಗಿನ ದಾರಿಯು ಆ ವೇಗವನ್ನು ತಡೆಯುವುದೇ?
೪. ವಿಧಿಯು ಬದಲಾದರೆ ಈ ಯಂತ್ರವನ್ನೇ ತಿದ್ದಿಕೊಳ್ಳಬಹುದೇ, ಹೊಸದನ್ನು ಕೊಳ್ಳಬೇಕೇ?
೫. ವಿದ್ಯುತ್ತು ತಪ್ಪಿದಾಗ ಎರಡು ಕಡೆಯಲ್ಲಿಯೂ ಏನು ಏರ್ಪಾಡು ಉಂಟು?
೬. ಊರಿಗೆ ತಂದು, ಅಲ್ಲಿನ ಸಂಪರ್ಕದಲ್ಲಿಯೇ ಕೆಲವು ದಿನ ಪರೀಕ್ಷಿಸಿ ನೋಡಿದ ಮೇಲೆ ಪೂರ್ತಿ ಹಣವನ್ನು ಸಲ್ಲಿಸುವುದಕ್ಕೆ ಮಾರುವವರು ಒಪ್ಪುವರೇ?

ಇವುಗಳಲ್ಲಿ ಕೊನೆಯದೇ ಅತ್ಯಂತ ಮುಖ್ಯವಾದುದು. ಪಟ್ಟಣದ ಅಂಗಡಿಯ ಮೇಜಿನ ಮೇಲೆ ನಡೆದುದು ನಮ್ಮ ಹೊಲದ ಬದುವಿನಲ್ಲಿ ನಡೆಯುವುದೆಂದು ಹೇಳಲಾಗದು. ಹೊಸ ಎತ್ತನ್ನು ಸಂತೆಯಲ್ಲಿ ನೋಡಿ ಮೆಚ್ಚಿದರೂ, ನಮ್ಮ ಎತ್ತಿನೊಡನೆ ನಮ್ಮ ಹೊಲದಲ್ಲಿ ಒಂದು ಸಾಲು ಹೂಡಿ ನೋಡಿದ ಮೇಲೆಯೇ ಬೆಲೆಯನ್ನು ಮುಗಿಸುವ ನಮ್ಮ ಹಿರಿಯರ ಕ್ರಮವನ್ನು ಯಂತ್ರಗಳ ವಿಷಯದಲ್ಲಿಯೂ ಅನುಸರಿಸುವುದು ಕ್ಷೇಮಕರ.